ಹೆಸರು ಬರೆಸಿದವರು

ಯೇಸುವನ್ನು ಬಿಡಲೊಪ್ಪದೆ ಐದು ವರ್ಷ ದೂರದ ಸೆರೆಗೆ ಗಡಿಪಾರಾಗಿದ್ದು ಉರಾಕಾಮಿ ಕಣಿವೆಗೆ ಮರಳಿದ ದಿನ ತೊಮೆ ಮೊದಲು ನೋಡಿದ್ದು ತನ್ನ ಮನೆಯ ಸೂರನ್ನು. ಹುಲ್ಲು ಹೊಸದಾಗಿತ್ತು. ಕಣಿವೆಯ ಈ ತುದಿಯಲ್ಲಿ ಮಿಕ್ಕವರ ಮನೆಗಳು ಬಾಗಿಲು, ನೆಲಹಲಗೆ, ಕೊನೆಗೆ ಒಲೆಯ ಕಲ್ಲನ್ನೂ ಕಳಕೊಂಡು ಬಾಯಿ ತೆರೆದು ನಿಂತಿದ್ದವು. ಅವಳ ಮನೆಯೊಂದರಿಂದ ಮಾತ್ರ ಹೊಗೆ ಏಳುತ್ತಿತ್ತು.

ಬಾಗಿಲಲ್ಲಿ ಸೊಸೆ ನುಯಿ ನಿಂತಿದ್ದಳು. ಅವಳ ಬೆನ್ನ ಹಿಂದೆ ಆರು ವರ್ಷದ ಮೊಮ್ಮಗಳು ಚಿಯೊ.

"ಬನ್ನಿ ಅತ್ತೆ. ಕಾಲು ತೊಳ್ಕೊಳ್ಳಿ," ಎಂದಳು ನುಯಿ.

ತೊಮೆ ಕಾಲು ತೊಳೆಯಲಿಲ್ಲ. ಒಳಗೆ ಇಣುಕಿದಳು. ಒಲೆಯ ಮೇಲೆ ಕಬ್ಬಿಣದ ಪಾತ್ರೆ. ಮೂಲೆಯಲ್ಲಿ ಹಿಡಿ ಸವೆದ, ಅಲಗು ಗಟ್ಟಿಯಿದ್ದ ಗುದ್ದಲಿ. ಎರಡು ಚಾಪೆ. ಇವೊಂದೂ ಅವಳು ಬಿಟ್ಟುಹೋದ ಸಾಮಾನಲ್ಲ.

"ಎಲ್ಲಿಂದ ಬಂತು ಇದು?"

"ಕೊಟ್ರು."

"ಯಾರು?"

"ಕೊಟ್ಟೋರು ಕೊಟ್ರು ಅತ್ತೆ. ಗೆಣಸು ಬೆಂದಿದೆ, ಮೊದಲು ತಿನ್ನಿ."

ತೊಮೆಯ ಹಿಂದಿನಿಂದ ಕಿರಿಯ ಮಗ ಕುಮಕಿಚಿ ಆಗಲೇ ಒಳಗೆ ನುಗ್ಗಿ, ಬಿಸಿ ಗೆಣಸನ್ನು ಕೈಯಿಂದ ಕೈಗೆ ಎಸೆಯುತ್ತ ಊದುತ್ತಿದ್ದ. ಇಪ್ಪತ್ತೆರಡರ ಹುಡುಗ, ಸೆರೆಯಲ್ಲಿ ದಿನಕ್ಕೊಂದು ಹಿಡಿ ಅನ್ನ ತಿಂದು ಹದಿನಾರರವನ ಹಾಗೆ ಕಾಣುತ್ತಿದ್ದ.

"ಕೆಳಗಿಡು ಅದನ್ನ," ಎಂದಳು ತೊಮೆ.

"ಅಮ್ಮ, ಹಡಗಲ್ಲಿ ಎರಡು ದಿನದಿಂದ ಏನೂ ತಿಂದಿಲ್ಲ."

"ಧರ್ಮ ಮಾರಿ ತಂದ ಪಾತ್ರೇಲಿ ಬೆಂದಿದ್ದು ನನ್ನ ಮಗನ ಹೊಟ್ಟೆಗೆ ಬೇಡ."

ನುಯಿ ಒಲೆಯ ಕಡೆ ತಿರುಗಿದಳು. ಇನ್ನೊಂದು ಗೆಣಸು ತೆಗೆದು, ಸಿಪ್ಪೆ ಸುಲಿದು, ಮೈದುನನ ಕೈಗಿಟ್ಟಳು. ಅವನು ಅಮ್ಮನ ಮುಖ ನೋಡದೆ ತಿಂದ.

ಊರಿನಲ್ಲಿ ಈಗ ಎರಡೇ ಜಾತಿ: ನಿಂತವರು ಮತ್ತು ಜಾರಿದವರು. ಯೇಸುವನ್ನು ಬಿಡುವುದಿಲ್ಲವೆಂದು ಕೊನೆಯವರೆಗೂ ಹಟ ಹಿಡಿದವರು ನಿಂತವರು. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿ ಮೊದಲೇ ಮನೆಗೆ ಬಂದವರು ಜಾರಿದವರು. ತೊಮೆಯ ಹಿರಿಯ ಮಗ ಯಸಾಕು ಸೆರೆಯ ಮೂರನೆಯ ಚಳಿಗಾಲದಲ್ಲಿ ಸತ್ತ. ಅವನನ್ನು ಹೂಳಿ ತಿಂಗಳಾಗಿರಲಿಲ್ಲ, ಒಂದು ಬೆಳಿಗ್ಗೆ ಅವನ ಹೆಂಡತಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಅಧಿಕಾರಿಯ ಮುಂದೆ ಹೋಗಿ ಹೆಬ್ಬೆಟ್ಟು ಒತ್ತಿದಳು. ಬಾಗಿಲು ದಾಟುವಾಗ ಹಿಂತಿರುಗಿ ಸಹ ನೋಡಲಿಲ್ಲ. ತೊಮೆ ಅದನ್ನು ಮರೆತಿರಲಿಲ್ಲ.

ಇನ್ನೊಂದು ಸಂಗತಿ ಅದಕ್ಕಿಂತ ಹಳೆಯದು. ಮೊದಲ ಸಲ ಹಿಡಿದೊಯ್ಯುವವರ ಪಟ್ಟಿ ತಯಾರಾದಾಗ, ಕಣಿವೆಯ ಈ ತುದಿಯಲ್ಲಿ ಅವರ ಮನೆಯೊಂದೇ ಅದರಲ್ಲಿ ಇತ್ತು. ಪಟ್ಟಿ ಬರೆದವನು ಗುಡ್ಡದ ಮೇಲಿನ ಮನೆಯ ಶಾನುಭೋಗ ಮಗೊಬೆ. ಆದರೆ ಹೆಸರು ಹೇಳಿಕೊಟ್ಟವರು ಯಾರು? ನುಯಿಯ ಅಪ್ಪ ಸೂರು ಹೊದಿಸುವವನು, ಆಗ ಮಗೊಬೆಯ ಮನೆಯ ಸೂರಿನ ಮೇಲೆ ಕೂತು ಕೆಲಸ ಮಾಡುತ್ತಿದ್ದ. ಐದು ವರ್ಷ ತೊಮೆ ಆ ಎರಡನ್ನೂ ಗಂಟು ಹಾಕಿ ಬಿಚ್ಚಿ, ಮತ್ತೆ ಗಂಟು ಹಾಕಿದ್ದಳು. ಈಗ ಹೊಸ ಹುಲ್ಲಿನ ಸೂರು ನೋಡಿದ ಮೇಲೆ ಗಂಟು ಇನ್ನಷ್ಟು ಬಿಗಿಯಿತು.

ಅವಳು ಅಂಗಳದಲ್ಲಿ ಮೂರು ಕಲ್ಲಿಟ್ಟು, ಒಡೆದ ಮಣ್ಣಿನ ಬೋಗುಣಿಯಲ್ಲಿ ತನ್ನ ಅಡಿಗೆ ತಾನೇ ಮಾಡಿಕೊಂಡಳು. ಸಮುದ್ರ ಇಳಿದಾಗ ಕೆಸರಲ್ಲಿ ಕಪ್ಪೆಚಿಪ್ಪು ಆರಿಸಿ ತಂದು, ಜವೆಗೋಧಿಯ ನುಚ್ಚಿನೊಂದಿಗೆ ಬೇಯಿಸುತ್ತಿದ್ದಳು. ಹೊಲಕ್ಕೆ ಹೋದರೂ ಗುದ್ದಲಿ ಮುಟ್ಟುತ್ತಿರಲಿಲ್ಲ. ನಿಂತವರೆಲ್ಲ ಒಡೆದ ಹಂಚು, ಬಟ್ಟಲ ಚೂರು ಹಿಡಿದು ನೆಲ ಕೆರೆಯುತ್ತಿದ್ದರು. ಅವಳೂ ಹಾಗೇ ಕೆರೆದಳು. ಪಕ್ಕದ ಸಾಲಿನಲ್ಲಿ ನುಯಿ ಗುದ್ದಲಿ ಎತ್ತಿ ಹಾಕುತ್ತಿದ್ದರೆ, ಅವಳು ಹತ್ತು ಸಾಲು ಮುಗಿಸುವಷ್ಟರಲ್ಲಿ ತೊಮೆಯದು ಅರ್ಧ ಸಾಲು.

"ಅಜ್ಜಿ, ನಿಮ್ಮ ಬೆರಳಲ್ಲಿ ರಕ್ತ ಬರ್ತಿದೆ," ಎಂದಳು ಚಿಯೊ.

"ಬರಲಿ. ಇದು ಒಳ್ಳೇ ರಕ್ತ."

"ಅತ್ತಿಗೆ ಗುದ್ದಲಿ ಕೊಡ್ತೀನಿ ಅಂತಾರಲ್ಲಮ್ಮ," ಎಂದ ಕುಮಕಿಚಿ. "ನೆಲಕ್ಕೇನು ಗೊತ್ತು, ಯಾರು ನಿಂತರು ಯಾರು ಜಾರಿದರು ಅಂತ."

"ನೆಲಕ್ಕೆ ಗೊತ್ತಿಲ್ಲದಿದ್ರೆ ಮೇಲಿರೋನಿಗೆ ಗೊತ್ತು. ನಿನ್ನ ಅಣ್ಣನಿಗೆ ಗೊತ್ತಿತ್ತು. ನಿನಗೆ ಗೆಣಸು ಕಂಡ್ರೆ ಸಾಕು."

"ಅಣ್ಣ ಇದ್ದಿದ್ರೆ ಅವನೂ ತಿಂತಿದ್ದ."

ತೊಮೆ ಹಂಚಿನ ಚೂರು ಎತ್ತಿಕೊಂಡು ದೂರದ ಸಾಲಿಗೆ ಹೋದಳು.

ಭಾನುವಾರ ನಿಂತವರು ಹಿರಿಯ ಮೊರಿಹಾಚಿಯ ಕೊಟ್ಟಿಗೆಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. ಸೆರೆಯಲ್ಲಿ ಒಂದು ಕಣ್ಣು ಕಳಕೊಂಡಿದ್ದ ಮೊರಿಹಾಚಿ, ಬಂದರಿನ ಪಾದ್ರಿಗಳಿಂದ ಕೇಳಿಕೊಂಡು ಬಂದದ್ದನ್ನು ತನ್ನ ಮಾತಿನಲ್ಲಿ ಹೇಳುತ್ತಿದ್ದ. ತೊಮೆಗೆ ಹಿಡಿಸಿದ್ದು ಒಂದು: ದೇವರಿಗಾಗಿ ಕೊಲೆಯಾದವರ ಆತ್ಮಗಳು ಸ್ವರ್ಗದ ಬಲಿಪೀಠದ ಕೆಳಗೆ ಕೂತು, 'ಕರ್ತನೇ, ನಮ್ಮ ರಕ್ತಕ್ಕೆ ನ್ಯಾಯ ತೀರಿಸೋಕೆ ಇನ್ನೆಷ್ಟು ದಿನ' ಎಂದು ಕೂಗುತ್ತವಂತೆ. ಅವರಿಗೆ ಬಿಳಿ ಬಟ್ಟೆ ಕೊಟ್ಟು, ಇನ್ನು ಸ್ವಲ್ಪ ತಾಳಿ ಎನ್ನುತ್ತಾರಂತೆ. ತೊಮೆ ಪ್ರತಿ ವಾರ ಅದನ್ನೇ ಕೇಳಿ ಹೇಳಿಸುತ್ತಿದ್ದಳು. ಯಸಾಕು ಬಿಳಿ ಬಟ್ಟೆ ಉಟ್ಟು ಕೂತದ್ದು ಅವಳ ಕಣ್ಣಿಗೆ ಕಟ್ಟುತ್ತಿತ್ತು.

"ಸ್ವಲ್ಪ ಅಂದ್ರೆ ಎಷ್ಟು ಮೊರಿಹಾಚಿ?"

"ಅದು ಬರೆದಿಲ್ಲ ತಾಯಿ."

ಇನ್ನೊಂದು ವಿಷಯವನ್ನೂ ಅವನು ತಿಳಿಸಿದ. ಮಳೆಗಾಲ ಮುಗಿದ ಮೇಲೆ ಬರುವ ಮಾತೆ ಮರಿಯಳ ಹಬ್ಬಕ್ಕೆ ಪಾದ್ರಿಗಳು ಕೊಟ್ಟಿಗೆಗೆ ಬರುತ್ತಾರೆ. ಜಾರಿದವರಲ್ಲಿ ಪಶ್ಚಾತ್ತಾಪ ಪಟ್ಟವರನ್ನು ಅಂದು ಎಲ್ಲರೆದುರು ಮತ್ತೆ ಸೇರಿಸಿಕೊಳ್ಳುತ್ತಾರೆ. ಆದರೆ ಮನೆಗೆ ಬಂದ ಮೇಲೆ ಹಿಂಸಕರ ಸಹವಾಸ ಮಾಡಿಲ್ಲವೆಂದು ಮನೆಯ ಹಿರಿಯರೊಬ್ಬರು ಸಾಕ್ಷಿ ಹೇಳಬೇಕು. ಸಾಕ್ಷಿ ಇಲ್ಲದವರಿಗೆ ಪ್ರಸಾದವಿಲ್ಲ, ಸತ್ತರೆ ನಮ್ಮ ಸ್ಮಶಾನದಲ್ಲಿ ಜಾಗವಿಲ್ಲ.

"ನಿಮ್ಮ ಸೊಸೇದು ಹೇಗೆ?" ಎಂದು ಕೇಳಿದ.

"ನೋಡ್ತಿದ್ದೀನಿ," ಎಂದಳು ತೊಮೆ.

ನೋಡುವುದಕ್ಕೆ ಅವಳು ಹೆಚ್ಚು ದಿನ ಕಾಯಬೇಕಾಗಲಿಲ್ಲ. ಮಳೆಗಾಲ ಹಿಡಿದುಕೊಂಡಿತ್ತು. ಒಂದು ಬೆಳಿಗ್ಗೆ ಹೇನು ತೆಗೆಸಿಕೊಳ್ಳುತ್ತ ಕೂತಿದ್ದ ಚಿಯೊ ತಾನಾಗಿಯೇ ಅಂದಳು, "ಅಮ್ಮ ಇನ್ನೂ ಬಂದಿಲ್ಲ. ಮೇಲಿನ ಮನೇಲಿ ಇವತ್ತು ತಡ."

ತೊಮೆಯ ಬಾಚಣಿಗೆ ನಿಂತಿತು. "ಯಾವ ಮೇಲಿನ ಮನೆ?"

ಹುಡುಗಿ ಬಾಯಿಗೆ ಕೈ ಮುಚ್ಚಿಕೊಂಡಳು.

ಮರುದಿನ ನುಯಿ ಬುಟ್ಟಿ ಹಿಡಿದು ಹೊರಟಾಗ ತೊಮೆ ಹತ್ತು ಮಾರು ದೂರದಲ್ಲಿ ಹಿಂದೆ ಬಿದ್ದಳು. ಬಿದಿರಿನ ಸಾಲು ದಾಟಿ, ಕಲ್ಲು ಮೆಟ್ಟಿಲು ಹತ್ತಿ, ಸೊಸೆ ನೇರ ಹೋದದ್ದು ಮಗೊಬೆಯ ಮನೆಯ ಹಿತ್ತಿಲ ಬಾಗಿಲಿಗೆ. ಬಾಗಿಲು ಒಳಗಿನಿಂದ ತೆರೆಯಿತು. ಒಂದು ಕೈ ಅವಳ ತೋಳು ಹಿಡಿದು ಒಳಗೆಳೆದುಕೊಂಡಿತು. ಅವಳು ಹೊರಬಂದಾಗ ಬುಟ್ಟಿ ಖಾಲಿ. ತೊಮೆ ಮಳೆಯಲ್ಲಿ ತೊಯ್ದು, ನಡುಗುತ್ತ, ಆದರೆ ಒಳಗೊಳಗೇ ಒಂದು ಬಗೆಯ ತೃಪ್ತಿಯಿಂದ ಮನೆಗೆ ಬಂದಳು. ಗಂಟು ಸರಿಯಾಗಿಯೇ ಬಿದ್ದಿತ್ತು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಾಗ ಅವಳು ಹೊರಗಿನಿಂದಲೇ ಕೇಳಿದಳು. "ಮಗೊಬೆಗೆ ಏನೇನು ಹೇಳಿ ಬಂದೆ ಇವತ್ತು?"

ನುಯಿ ಮಗಳನ್ನು ನೋಡಿದಳು. ಚಿಯೊ ಬಟ್ಟಲೊಳಗೆ ಮುಖ ಇಳಿಸಿದಳು.

"ಅವನ ಮುಖ ನಾನು ನೋಡಿಲ್ಲ ಅತ್ತೆ."

"ಗೋಡೆಗೆ ಹೇಳಿ ಬಂದ್ಯಾ ಹಾಗಾದ್ರೆ? ಬುಟ್ಟೀಲಿ ಏನಿತ್ತು?"

"ಗೆಣಸು. ನಾಲ್ಕು."

"ನನ್ನ ಮಗನ್ನ ಕೊಂದವನ ಮನೆಗೆ ನನ್ನ ಹೊಲದ ಗೆಣಸು." ತೊಮೆ ಕುಮಕಿಚಿಯ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ? ಇನ್ನೂ ಉಣ್ಣು ಅವಳ ಕೈಯಿಂದ."

ಕುಮಕಿಚಿ ಊಟದ ಕಡ್ಡಿಗಳನ್ನು ಕೆಳಗಿಟ್ಟ. "ಅತ್ತಿಗೆ, ಯಾಕೆ ಅಂತ ಹೇಳಿಬಿಡಿ. ಇಲ್ದಿದ್ರೆ ಅಮ್ಮ ಮೊರಿಹಾಚಿ ಹತ್ರ ಹೋಗ್ತಾಳೆ."

"ಹೇಳೋದಿಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಮಾತು," ಎಂದಳು ತೊಮೆ. "ದೇವರಿಗೆ ಕೊಟ್ಟಿದ್ದನ್ನ ಮುರಿದೋಳಿಗೆ ಇದೊಂದು ಮಾತು ಗಟ್ಟಿ."

ಅದಾದ ನಾಲ್ಕನೆಯ ದಿನ ಊರಿಗೆ ರಕ್ತಭೇದಿ ಬಂತು. ಮೊದಲು ಬಿದ್ದವನೇ ಮಗೊಬೆ. ಅವನ ಆಳುಗಳಿಬ್ಬರು ರಾತ್ರೋರಾತ್ರಿ ಓಡಿಹೋದರು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದಳು. ಬಾವಿಕಟ್ಟೆಯಲ್ಲಿ ನಿಂತವರ ಹೆಂಗಸರು ಅದನ್ನೇ ಆಡಿಕೊಂಡರು. ದೇವರ ಕೈ ನಿಧಾನವಾದರೂ ಉದ್ದ ಎಂದಳೊಬ್ಬಳು. ತೊಮೆ ಮನೆಗೆ ಬಂದು, ಮಣಿಮಾಲೆ ಹಿಡಿದು ಕೂತು, ಕಣ್ಣೀರು ಬರುವಷ್ಟು ಸಂತೋಷದಿಂದ ಕೃತಜ್ಞತೆ ಹೇಳಿದಳು. ಇನ್ನು ಸ್ವಲ್ಪ ತಾಳಿ ಎಂದದ್ದು ಇಷ್ಟೇ ಆಗಿತ್ತೇನೋ.

ಮೂರನೆಯ ದಿನ ಹೊಲದಲ್ಲಿ ಕುಮಕಿಚಿ ಹೊಟ್ಟೆ ಹಿಡಿದುಕೊಂಡು ಕೂತ. ಸಂಜೆಯೊಳಗೆ ಅವನಿಗೆ ಏಳಲು ಆಗಲಿಲ್ಲ.

ತೊಮೆ ಹಣೆ ನೆಲಕ್ಕೆ ಹಚ್ಚಿ ಪ್ರಾರ್ಥಿಸಿದಳು. ನುಯಿ ಪ್ರಾರ್ಥಿಸಲಿಲ್ಲ. ನೀರು ಕುದಿಸಿದಳು, ಉಪ್ಪು ಹಾಕಿದ ಗಂಜಿಯ ತಿಳಿಯನ್ನು ಅರ್ಧ ಗಳಿಗೆಗೊಮ್ಮೆ ಒಂದೊಂದು ಗುಟುಕು ಕುಡಿಸಿದಳು. ಹೊಲಸು ಬಟ್ಟೆಯನ್ನು ಹೊಳೆಗೆ ಒಯ್ಯದೆ ಗುಂಡಿ ತೋಡಿ ಹೂತಳು. ಚಿಯೊಳನ್ನು ಪಕ್ಕದ ಮನೆಗೆ ಕಳಿಸಿದಳು. ಎರಡು ದಿನ ಅವಳು ಒರಗಿಕೊಂಡದ್ದನ್ನು ಸಹ ತೊಮೆ ನೋಡಲಿಲ್ಲ.

ಮೂರನೆಯ ಬೆಳಿಗ್ಗೆ ನುಯಿ ಅಂಗಳಕ್ಕೆ ಬಂದು ಅತ್ತೆಯ ಎದುರು ನಿಂತಳು.

"ನಾನು ಹೋಗ್ಲಾ, ನೀವು ಹೋಗ್ತೀರಾ?"

"ಎಲ್ಲಿಗೆ?"

"ಮೇಲಿನ ಮನೆಗೆ. ಮಗೊಬೆಯ ತಾಯಿ ಶಿನೊ ಕೈಕಾಲು ಬಿದ್ದು ಮಲಗಿದಾಳೆ. ಆಕೆಯ ಆಳು ಹೆಂಗಸೊಬ್ಬಳು ಬಾಗಿಲು ತೆಗೀತಿದ್ಲು, ಈಗ ಅವಳೂ ಇಲ್ಲ. ನೀರು ಕೊಡೋರಿಲ್ಲ. ನಾನು ಹೋದ್ರೆ ಕುಮಕಿಚಿಯನ್ನ ನೀವು ನೋಡ್ಕೋಬೇಕು. ನಿಮಗೆ ಗಂಜಿ ತಿಳಿ ತೆಗೆಯೋದು ಬರಲ್ಲ."

"ಆ ಮುದುಕಿ ನಿನಗೇನಾಗಬೇಕು?"

ನುಯಿ ಕಣ್ಣುಜ್ಜಿಕೊಂಡಳು. "ಮಗೂನ ಎತ್ಕೊಂಡು ಊರಿಗೆ ಬಂದಾಗ ಈ ಮನೇಲಿ ಬಾಗಿಲೂ ಇರಲಿಲ್ಲ ಅತ್ತೆ. ಸೆರೆಯಿಂದ ಬಂದೋಳು ಅಂತ ಊರೋರು ಮಾತಾಡಿಸ್ಲಿಲ್ಲ. ನಮ್ಮಪ್ಪನೂ ಬಾಗಿಲು ಹಾಕ್ಕೊಂಡ. ಮೂರನೇ ದಿನ ಆಕೆ ಕೋಲೂರಿಕೊಂಡು ಇಳಿದು ಬಂದ್ಲು. ಪಾತ್ರೆ, ಗುದ್ದಲಿ, ಸೂರಿಗೆ ಹುಲ್ಲು. ಮಗನಿಗೆ ಗೊತ್ತಾದ್ರೆ ಕೊಂದುಹಾಕ್ತಾನೆ, ಯಾರಿಗೂ ಹೇಳ್ಬೇಡ ಅಂದ್ಲು. ಈಗ ಮಗನೇ ಬಿದ್ದಿದಾನೆ, ಮಾತು ಮುಗೀತು."

"ಹಗೆಯವನು ಹಸಿದ್ರೆ ಊಟ ಹಾಕು, ಅದು ಅವನ ತಲೆ ಮೇಲೆ ಕೆಂಡ ಸುರಿದ ಹಾಗೆ ಅಂತ ಮೊರಿಹಾಚಿ ಹೇಳ್ತಾನೆ. ಕೆಂಡ ಸುರಿಯೋಕೆ ಹೋಗ್ತಿದ್ದೆ ಅನ್ನು, ನಂಬ್ತೀನಿ."

"ನನಗೆ ಕೆಂಡ ಗೊತ್ತಿಲ್ಲ. ಆಕೆಗೆ ಹಲ್ಲಿಲ್ಲ, ಗೆಣಸು ಕಿವುಚಿ ಕೊಡಬೇಕು. ಅಷ್ಟು ಗೊತ್ತು."

ಒಳಗೆ ಕುಮಕಿಚಿ ನರಳಿದ. ನುಯಿ ಒಳಗೋಡಿದಳು.

ತೊಮೆ ನೀರಿನ ಸೋರೆಬುರುಡೆಯನ್ನೂ ಒಂದು ಬೆಂದ ಗೆಣಸನ್ನೂ ಎತ್ತಿಕೊಂಡಳು. ಸೊಸೆ ಹೇಳಿದ್ದು ಸುಳ್ಳೋ ನಿಜವೋ ಕಣ್ಣಾರೆ ನೋಡಿಬಿಡುವುದೆಂದುಕೊಂಡಳು. ಮಗೊಬೆಗೆ ಬಂದ ತೀರ್ಪನ್ನೂ ನೋಡಿದ ಹಾಗಾಗುತ್ತದೆ. ಐದು ವರ್ಷ ಬೇಡಿಕೊಂಡದ್ದು ಅವಳೇ ಅಲ್ಲವೆ.

ಹಿತ್ತಿಲ ಬಾಗಿಲು ತೆರೆದೇ ಇತ್ತು. ಮೊದಲ ಕೋಣೆಯಲ್ಲಿ ಶಿನೊ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ಒಣಗಿದ ಮೀನಿನಷ್ಟು ಹಗುರ. ತೊಮೆ ಅವಳ ತಲೆ ಎತ್ತಿ ನೀರು ಹನಿಸಿದಳು. ಮುದುಕಿ ಕಣ್ಣು ತೆರೆಯದೆ, "ನುಯಿ, ಮಗು ಹೇಗಿದೆ?" ಎಂದಳು.

"ಚೆನ್ನಾಗಿದೆ," ಎಂದಳು ತೊಮೆ. ಬೇರೇನು ಹೇಳಬೇಕೆಂದು ಹೊಳೆಯಲಿಲ್ಲ.

ಒಳಕೋಣೆಯಿಂದ ವಾಸನೆ ಬರುತ್ತಿತ್ತು. ಮಗೊಬೆ ತನ್ನದೇ ಹೊಲಸಿನಲ್ಲಿ ಬಿದ್ದಿದ್ದ. ತೊಮೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಸೆರೆಯಲ್ಲಿ ಯಸಾಕು ಸಾಯುವಾಗಲೂ ಮುಖ ಹೀಗೇ ಗುಳಿಬಿದ್ದಿತ್ತು, ತುಟಿ ಹೀಗೇ ಒಡೆದಿತ್ತು. ಅವಳಿಗೆ ಸಂತೋಷವಾಗಬೇಕಿತ್ತು. ಮೂಗು ಮುಚ್ಚಿಕೊಳ್ಳುವಂತಾಯಿತು, ಅಷ್ಟೇ.

ಬುರುಡೆ ಬಾಯಿಗೆ ಹಿಡಿದಾಗ ಅವನು ಗುರುತು ಹಿಡಿದು ಮುಖ ತಿರುಗಿಸಿದ.

"ಯಸಾಕುವಿನ ತಾಯಿ. ಏನು ಬೆರೆಸಿ ತಂದೆ?"

"ನೀರು."

"ನಿನ್ನ ಜಾಗದಲ್ಲಿ ನಾನಿದ್ರೆ ಬೆರೆಸ್ತಿದ್ದೆ."

ತೊಮೆ ಬುರುಡೆಯನ್ನು ಎತ್ತಿ ತಾನು ಎರಡು ಗುಟುಕು ಕುಡಿದಳು. ಬಾಯಿ ಒರೆಸಿಕೊಂಡು ಮತ್ತೆ ಅವನ ತುಟಿಗೆ ಹಿಡಿದಳು. ಅವನು ಕುಡಿದ, ಕೆಮ್ಮಿದ, ಮತ್ತೆ ಕುಡಿದ.

"ಒಂದು ಮಾತು ಕೇಳ್ತೀನಿ," ಎಂದಳು. "ಸಾಯೋ ಮುಂಚೆ ನಿಜ ಹೇಳು. ನಮ್ಮ ಮನೆ ಹೆಸರು ನಿನಗೆ ಹೇಳಿಕೊಟ್ಟೋರು ಯಾರು? ನುಯಿಯ ಅಪ್ಪ ತಾನೆ?"

ಮಗೊಬೆ ನಗಲು ನೋಡಿದ. "ಅವನಾ? ಹುಲ್ಲು ಹೊದಿಸಿ ಕೂಲಿ ತಗೊಂಡು ಹೋದ. ಬಾಯೇ ಬಿಡಲಿಲ್ಲ."

"ಮತ್ತೆ ಯಾರು?"

"ನಿನ್ನ ಮಗ."

ಅವಳು ಬುರುಡೆಯನ್ನು ಅವನ ತುಟಿಯಿಂದ ಹಿಂದೆಗೆದಳು.

"ಹಗಲು ಹೊತ್ತೇ ಬಂದ, ಮುಂಬಾಗಿಲಿಂದ. ನಾವು ಇನ್ನು ಗುಡಿಯ ಸನ್ಯಾಸಿಗಳನ್ನ ಹೆಣದ ಶಾಸ್ತ್ರಕ್ಕೆ ಕರೆಯಲ್ಲ, ನಾವು ಯೇಸುವಿನೋರು, ಬರ್ಕೊಳ್ಳಿ ಅಂದ. ಹೋಗೋ ಮನೆಗೆ, ಹುಚ್ಚು ಬೇಡ ಅಂದೆ. ಹೋಗ್ಲಿಲ್ಲ. ಒಂದೊಂದೇ ಹೆಸರು ಹೇಳಿದ. ತಾಯಿ, ತಮ್ಮ, ಹೆಂಡತಿ, ಹಾಲು ಕುಡಿಯೋ ಮಗು. ನಾನು ಬರೆದೆ. ಬರೆಯೋದು ನನ್ನ ಕೆಲಸ."

ತೊಮೆ ಬುರುಡೆಯನ್ನು ಅವನ ಕೈಗೆಟುಕುವ ಹಾಗಿಟ್ಟು, ಹೊಲಸಾದ ಹಾಸನ್ನು ಎಳೆದು ಹೊರಗೆ ಹಾಕಿ, ಶಿನೊಗೆ ಗೆಣಸು ಕಿವುಚಿ ತಿನ್ನಿಸಿ, ಮೆಟ್ಟಿಲಿಳಿದು ಬಂದಳು. ಇಳಿಯುವಾಗ ಎರಡು ಸಲ ಕೂತಳು.

ನುಯಿ ಅಂಗಳದಲ್ಲಿ ಬಟ್ಟೆ ಕುದಿಸುತ್ತಿದ್ದಳು.

"ಯಸಾಕು ತಾನೇ ಹೋಗಿ ಬರೆಸಿದ್ದು ನಿನಗೆ ಗೊತ್ತಿತ್ತಾ?"

ಸೊಸೆ ಕೋಲಿಂದ ಬಟ್ಟೆ ತಿರುವುತ್ತಲೇ ಇದ್ದಳು. "ಅವತ್ತೇ ರಾತ್ರಿ ಹೇಳಿದ್ರು."

"ಸೆರೇಲಿ ನಿಮ್ಮಪ್ಪನ್ನ ದಿನಾ ಬೈದೆ. ನೀನು ಸುಮ್ಮನೆ ಕೇಳಿಸ್ಕೊಂಡೆ."

"ಹೇಳಿದ್ರೆ ಮಗನ ಮೇಲೆ ಸಿಟ್ಟಾಗ್ತಿದ್ರಿ. ಅಲ್ಲಿ ನಿಮಗೆ ಧೈರ್ಯ ಅಂತ ಇದ್ದಿದ್ದೇ ಅವರೊಬ್ಬರು."

"ನಿನಗೆ ಸಿಟ್ಟಾಗ್ಲಿಲ್ವಾ?"

ನುಯಿಯ ಕೋಲು ನಿಂತಿತು. "ಬರೆಸುವಾಗ ನನ್ನನ್ನ ಯಾರೂ ಕೇಳಲಿಲ್ಲ ಅತ್ತೆ. ಅವರ ಜೊತೆ ಹೋದೆ. ಅವರು ಸತ್ತ ಮೇಲೆ ಮಗೂನೂ ಹಾಗೇ ಆಗ್ತಿತ್ತು. ಹೋಗಿ ಅಳಿಸಿದೆ. ಈಗ ಅಳಿಸಿದ್ಯಾಕೆ ಅಂತ ಊರೇ ಕೇಳುತ್ತೆ. ತಿರುಗಿ ನೋಡದೆ ಹೋದೆ ಅಂತೀರಲ್ಲ, ತಿರುಗಿದ್ರೆ ವಾಪಸ್ ಬಂದುಬಿಡ್ತಿದ್ದೆ."

ತೊಮೆ ಒಲೆಯ ಪಕ್ಕ ಕೂತು ಒಂದು ಕಟ್ಟಿಗೆ ಒಳಗೆ ತಳ್ಳಿದಳು. ಆಮೇಲೆ ಎದ್ದು, "ಆ ತಿಳಿ ಹೇಗೆ ತೆಗೀತಾರೆ ತೋರಿಸು. ನೀನು ಒಂದು ಗಳಿಗೆ ಮಲಗು," ಎಂದಳು.

ಮುಂದಿನ ಎರಡು ವಾರ ಅವಳು ದಿನಾ ಬೆಳಿಗ್ಗೆ ಮೇಲಿನ ಮನೆಗೆ ಹೋಗಿ ಬಂದಳು. ಹೋಗುವಾಗ ಪ್ರತಿ ದಿನವೂ ಇದು ಸರಿಯೇ ಎಂಬ ಅನುಮಾನ ಅವಳ ಜೊತೆಗೇ ಮೆಟ್ಟಿಲು ಹತ್ತುತ್ತಿತ್ತು. ಮಗೊಬೆ ಒಂದು ದಿನವೂ ಕ್ಷಮೆ ಕೇಳಲಿಲ್ಲ. ಗಂಜಿಗೆ ಉಪ್ಪು ಕಡಿಮೆ ಎಂದು ಮಾತ್ರ ಹೇಳಿದ.

ರೋಗ ತನಗೆ ತೋಚಿದವರನ್ನು ಒಯ್ದಿತು. ನಿಂತವರಲ್ಲಿ ಏಳು ಜನ ಹೋದರು, ಅದರಲ್ಲಿ ಮೊರಿಹಾಚಿಯ ಮೊಮ್ಮಗಳೂ ಒಬ್ಬಳು. ಶಿನೊ ಒಂದು ಮುಂಜಾನೆ ಸದ್ದಿಲ್ಲದೆ ತೀರಿಕೊಂಡಳು. ಮಗೊಬೆ ಎದ್ದು ಕೂತ, ಗೋಡೆ ಹಿಡಿದು ನಡೆದ, ಹೆಂಡತಿಗೆ ಬಾ ಎಂದು ಹೇಳಿಕಳಿಸಿದ. ಕುಮಕಿಚಿಯೂ ಬದುಕಿದ, ಎಲುಬು ಚರ್ಮವಾಗಿ, ಹಸಿವು ಹಸಿವು ಎಂದು ಅತ್ತಿಗೆಯ ಪ್ರಾಣ ತಿನ್ನುತ್ತ. ಬಾವಿಕಟ್ಟೆಯಲ್ಲಿ ಈಗ ದೇವರ ಕೈಯ ಮಾತು ಯಾರೂ ಎತ್ತುತ್ತಿರಲಿಲ್ಲ.

ಹಬ್ಬದ ದಿನ ಕೊಟ್ಟಿಗೆ ತುಂಬಿತ್ತು. ಪಾದ್ರಿಗಳು ಮುಂದೆ ಕೂತಿದ್ದರು. ನಿಂತವರು ಮುಂದಿನ ಚಾಪೆಗಳ ಮೇಲೆ, ಜಾರಿದವರು ಕೊನೆಯಲ್ಲಿ ಬಾಗಿಲ ಬಳಿ ಬರಿನೆಲದ ಮೇಲೆ. ಮೊರಿಹಾಚಿ ಒಬ್ಬೊಬ್ಬರ ಹೆಸರು ಕರೆದು ಸಾಕ್ಷಿ ಕೇಳುತ್ತಿದ್ದ. ಮೊಮ್ಮಗಳು ಹೋದ ಮೇಲೆ ಅವನ ದನಿ ಕುಗ್ಗಿತ್ತು.

"ಯಸಾಕುವಿನ ವಿಧವೆ ನುಯಿ."

ಯಾರಾದರೂ ಬಾಯಿ ತೆರೆಯುವ ಮೊದಲೇ ಹೆಂಗಸರ ಸಾಲಿನಿಂದ ಒಂದು ಮಾತು ಬಂತು: "ಅವಳು ಇಡೀ ಮಳೆಗಾಲ ಮಗೊಬೆಯ ಹಿತ್ತಿಲ ಬಾಗಿಲಿಗೆ ಹೋಗಿ ಬಂದಿದಾಳೆ. ನಾವು ನೋಡಿದ್ದೀವಿ."

ಕೊಟ್ಟಿಗೆಯಲ್ಲಿ ಗುಸುಗುಸು ಎದ್ದಿತು. ಮೊರಿಹಾಚಿ ಒಂಟಿ ಕಣ್ಣನ್ನು ತೊಮೆಯ ಮೇಲಿಟ್ಟ. "ನಿಜವೇ ತಾಯಿ?"

ತೊಮೆ ಮೊದಲ ಚಾಪೆಯ ಮೇಲಿದ್ದಳು. ಮಗನನ್ನು ದೇವರಿಗೆ ಕೊಟ್ಟ ತಾಯಿಯ ಜಾಗ ಅದು. ಮಂಡಿ ಹಿಡಿದು ನಿಧಾನಕ್ಕೆ ಎದ್ದಳು.

"ನಿಜ. ಮೊದಮೊದಲು ಅವಳು ಹೋದ್ಲು, ಆಮೇಲೆ ನಾನು ಹೋದೆ. ಅವನ ಬಾಯಿಗೆ ನೀರು ಬಿಟ್ಟೋಳು ನಾನು, ಅವಳಲ್ಲ. ಅವಳು ನೀರು ಕೊಟ್ಟಿದ್ದು ಅವನ ತಾಯಿಗೆ."

"ತಾಯಿ, ಅವನು ನಿಮ್ಮ ಮಗನ ಹೆಸರು ಬರೆದವನು."

"ಬರೆದ. ನನ್ನ ಮಗ ಹೇಳಿದ, ಅವನು ಬರೆದ. ಅದರ ನ್ಯಾಯ ದೇವರು ಯಾವಾಗ ಮಾಡ್ತಾನೋ, ಹೇಗೆ ಮಾಡ್ತಾನೋ, ನನಗೆ ಈಗ ಒಂಚೂರೂ ತಿಳಿಯಲ್ಲ. ತಿಳಿದಿದೆ ಅಂದ್ಕೊಂಡಿದ್ದೆ." ಅವಳು ಉಸಿರು ತಗೊಂಡಳು. "ಇದು ತಪ್ಪಾದ್ರೆ ಇಬ್ಬರದ್ದೂ ತಪ್ಪು. ಅವಳನ್ನ ಸೇರಿಸ್ಕೊಳ್ಳೋವರೆಗೆ ನಾನೂ ಹಿಂದೆ ಇರ್ತೀನಿ."

ಪಾದ್ರಿಗಳು ಏನೋ ಹೇಳಲು ಹೊರಟು, ಮೊರಿಹಾಚಿಯ ಕಡೆ ನೋಡಿದರು. ತೊಮೆ ಕಾಯಲಿಲ್ಲ. ಚಾಪೆಗಳ ನಡುವಿನಿಂದ, ಹಿಂದಕ್ಕೆಳೆದುಕೊಂಡ ಮಂಡಿಗಳನ್ನು ದಾಟುತ್ತ, ಬಾಗಿಲ ಬಳಿ ಬಂದಳು. ಯಾರೂ ತಡೆಯಲಿಲ್ಲ. ಜಾರಿದವರು ಅವಳನ್ನು ನೋಡಿ ಅನುಮಾನದಿಂದ ಸರಿದು ಕೂತರು. ನಿಂತವಳೊಬ್ಬಳು ಇಲ್ಲಿಗೇಕೆ ಬಂದಳೆಂದು.

ನುಯಿ ತಲೆ ಎತ್ತಲಿಲ್ಲ. ತಾನು ಕೂತಿದ್ದ ಜಾಗದಿಂದ ಒಂದು ಗೇಣು ಜರುಗಿದಳು.

"ಅಲ್ಲಿ ನೆಲ ಒದ್ದೆಯಿದೆ ಅತ್ತೆ," ಎಂದಳು. "ಈ ಕಡೆ ಕೂತ್ಕೊಳ್ಳಿ."